ಹೆಸರು ಬೀಳುವ ಮಣೆ

"ಮದುವಿ ಬ್ಯಾಡ ಅಂದಿಲ್ಲ ಮಾಮಾ. ಹೆಸರು ಬಿಡೂದಿಲ್ಲ ಅಂದಾಳ, ಅಷ್ಟ," ಎಂದು ನಾನು ಮೂರನೆಯ ಸಲ ಹೇಳಿದೆ.

ರಂಗಮಾಮ ಮೂರನೆಯ ಸಲವೂ ಚಹಾದ ಬಟ್ಟಲನ್ನು ತುಟಿಯ ತನಕ ತಂದು ಕೆಳಗಿಟ್ಟ. ಕಾಲೇಜಿಗೆ ಹೋಗುತ್ತೇನೆಂದು ಮನೆಯಿಂದ ಹೊರಟು, ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ಪಿರಿಯಡ್ ಕೂರುವುದು ಸಾಧ್ಯವೇ ಇಲ್ಲವೆಂದು ಸೀದಾ ಅವನ ಮನೆಗೆ ಓಡಿ ಬಂದಿದ್ದೆ. ಅವ್ವನಿಗೆ ಇರುವುದು ಇವನೊಬ್ಬನೇ ಅಣ್ಣ. ಮೊದಲು ಇವನಿಗೆ ಗೊತ್ತಾಗದೆ ಬೇರೆಯವರಿಂದ ಗೊತ್ತಾದರೆ ಒಂದು ವರ್ಷ ಮಾತು ಬಿಡುತ್ತಾನೆ.

"ಹೆಸರು ಬಿಡದ ಮದುವಿ ಹ್ಯಾಂಗ ಆಗ್ತದ? ಅಕ್ಷತಿ ಬಿದ್ದ ಮ್ಯಾಲೂ ಆಕಿ ಆಕೀನ ಇರ್ತಾಳೇನು?"

ನನ್ನ ಅಕ್ಕ ವೈಜಕ್ಕ ಕೇಳುತ್ತಿರುವುದೂ ಅದನ್ನೇ ಎಂದೆ.

"ಹೆಚ್ಚಿನ ಮಾತು ಕಲ್ತೀರಿ. ನಿಮ್ಮವ್ವ ಬಿಟ್ಟಿಲ್ಲೇನು? ಗಪ್ಪನ ಬಿಟ್ಳು. ನಮ್ಮ ತಾರಾ..."

ಮಾಮ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಆಗುವುದು ಆಗಿತ್ತು. ಅಂಗಳದಲ್ಲಿ ನಿಂತಿದ್ದ ಅವನ ಸೈಕಲ್ಲು ಸ್ಟ್ಯಾಂಡ್ ಒದ್ದು, ಎರಡು ಮೆಟ್ಟಿಲು ಹತ್ತಿ, ಪಡಸಾಲೆಗೆ ಬಂದು ನಮ್ಮಿಬ್ಬರ ನಡುವೆ ನಿಂತಿತು. ಹ್ಯಾಂಡಲ್ಲನ್ನು ಮಾಮನ ಕಡೆ ತಿರುಗಿಸಿ, ಏನು ಕೆಲಸ ಎನ್ನುವ ಹಾಗೆ ನೋಡಿತು.

"ನಿನಗಲ್ಲ, ಹೋಗು," ಎಂದ ಮಾಮ. ಸೈಕಲ್ಲು ಹೋಯಿತು. ಹೋಗುವಾಗ ಎಂದಿನಂತೆ ಬಾಗಿಲ ಚೌಕಟ್ಟಿಗೆ ಪೆಡಲ್ ತಾಗಿಸಿತು. ಆ ಜಾಗದಲ್ಲಿ ಇಪ್ಪತ್ತೇಳು ವರ್ಷಗಳಿಂದ ಬಣ್ಣ ನಿಂತಿಲ್ಲ.

ತಾರಾ ಎಂದರೆ ಅವ್ವ. ಅಂದರೆ, ಮದುವೆಗೆ ಮುಂಚಿನ ಅವ್ವ. ನಮ್ಮ ಊರಿನಲ್ಲಿ ಅಕ್ಕಿ ಹರಡಿದ ತಟ್ಟೆಯಲ್ಲಿ ಗಂಡು ಉಂಗುರದ ಅಂಚಿನಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ, ಬಂದವರೆಲ್ಲ ಅದನ್ನು ಮೂರು ಸಲ ಓದುತ್ತಾರೆ. ಮೂರನೆಯ ಸಲಕ್ಕೆ ಹುಡುಗಿಯ ಹಳೆಯ ಹೆಸರು ಕಳಚಿ ಹತ್ತಿರ ಏನಿದೆಯೋ ಅದರ ಮೇಲೆ ಬೀಳುತ್ತದೆ. ಬಿದ್ದಿದ್ದು ಅಲ್ಲೇ ಅಂಟಿಕೊಳ್ಳುತ್ತದೆ. ಅದಕ್ಕೇ ಹೆಣ್ಣಿನ ಕಡೆಯವರು ಹಲಸಿನ ಹಲಗೆಯ ಒಂದು ಮಣೆ ಮಾಡಿಸಿ ಮದುಮಗಳ ಬೆನ್ನ ಹಿಂದೆ ಇಡುತ್ತಾರೆ. ಹೆಸರು ಮಣೆಯ ಮೇಲೆ ಬಿದ್ದರೆ ಪುಣ್ಯ. ಮಣೆಯನ್ನು ತವರಿನ ಅಟ್ಟಕ್ಕೆ ಏರಿಸಿದರಾಯಿತು, ಕರೆದರೂ ಅಲ್ಲೇ ಟಕಟಕ ಎಂದು ಸುಮ್ಮನಾಗುತ್ತದೆ. ಆದರೆ ಗಾಳಿ ಇರುತ್ತದೆ, ಸೆರಗು ಸರಿ ಮಾಡಿಕೊಳ್ಳಲು ಹುಡುಗಿ ತಿರುಗುತ್ತಾಳೆ, ಯಾರೋ ಮಣೆಯನ್ನು ಕಾಲಿನಿಂದ ಸರಿಸಿರುತ್ತಾರೆ. ಅವ್ವನ ಮದುವೆಯಲ್ಲಿ ಮಾಮ ತನ್ನ ಹೊಸ ಸೈಕಲ್ಲನ್ನು ಯಾರಾದರೂ ಕದ್ದಾರೆಂದು ಚಪ್ಪರದೊಳಕ್ಕೇ ತಂದು ನಿಲ್ಲಿಸಿದ್ದ.

ಹೀಗಾಗಿ ನಮ್ಮ ಊರಿನಲ್ಲಿ ಯಾರನ್ನಾದರೂ ಕರೆಯುವ ಮುಂಚೆ ಸುತ್ತ ನೋಡಿಕೊಳ್ಳಬೇಕು. ಅಂಚೆ ಕಚೇರಿಯ ಮುದ್ರೆಯ ಹೆಸರು ಶಕುಂತಳಾ. ನಮ್ಮ ಪ್ರಿನ್ಸಿಪಾಲರ ಕುರ್ಚಿ ಪ್ರಮೀಳಾ. ಬಿ.ಎ. ಮೊದಲ ವರ್ಷಕ್ಕೆ ಪ್ರಮೀಳಾ ದೊಡ್ಡಮನಿ ಎಂಬ ಹುಡುಗಿ ಸೇರಿದಾಗಿನಿಂದ, ಹಾಜರಿ ಕೂಗಿದ ಕೂಡಲೇ ಪ್ರಿನ್ಸಿಪಾಲರು ಕುರ್ಚಿಯ ಸಮೇತ ನಮ್ಮ ಕ್ಲಾಸಿಗೆ ಬಂದುಬಿಡುತ್ತಾರೆ. ಬಂದ ಮೇಲೆ ಏನಾದರೂ ಹೇಳಬೇಕಲ್ಲ, ಶಿಸ್ತಿನ ಬಗ್ಗೆ ಎರಡು ಮಾತು ಹೇಳಿ ಹೋಗುತ್ತಾರೆ. ಬಸ್ ಸ್ಟ್ಯಾಂಡಿನ ಹಿಂದಿನ ತೆಂಗಿನ ಮರ ಇಂದುಮತಿ. ಅದರ ಕೆಳಗೆ ನಿಂತು ಆ ಹೆಸರು ಕರೆಯಬಾರದೆಂದು ಮುನಸಿಪಾಲಿಟಿಯವರು ಮರಕ್ಕೇ ಬೋರ್ಡು ಹೊಡೆದಿದ್ದಾರೆ. ಬೋರ್ಡಿನಲ್ಲಿ ಹೆಸರು ಬರೆದಿರುವುದರಿಂದ, ಜೋರಾಗಿ ಓದುವ ಅಭ್ಯಾಸ ಇರುವ ಪರ ಊರಿನವರ ತಲೆಯ ಮೇಲೆಲ್ಲ ಕಾಯಿ ಬಿದ್ದಿದೆ.

ಇದೆಲ್ಲ ನಮಗೆ ರೂಢಿ. ವೈಜಕ್ಕನಿಗೂ ರೂಢಿಯೇ. ಅವಳಿಗೆ ಇಪ್ಪತ್ತಾರು ವರ್ಷ, ಮಾರ್ಕೆಟ್ ರಸ್ತೆಯಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುತ್ತಾಳೆ. ಯಾವ ಮಷೀನು ಕೈಗೆ ಬಂದರೂ, ಮಿಕ್ಸರ್ ಆಗಲಿ ಪಂಪ್ ಆಗಲಿ, ಬಿಚ್ಚದೆ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ಮಷೀನಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ಚೀಟಿ ಅಂಟಿಸುತ್ತಾಳೆ: 'ವೈಜಯಂತಿ ನೋಡಿದ್ದಾಳೆ.' ಊರಿನ ಅರ್ಧ ರವಿಕೆಗಳು ಆ ಚೀಟಿಯ ಮೇಲೆ ಹೊಲಿಸಿಕೊಂಡವು ಎಂದು ನನ್ನ ಲೆಕ್ಕ. ಅವಳನ್ನು ನೋಡಿ ಒಪ್ಪಿದ ಶ್ರೀಪಾದ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಎಮ್ಮೆಯ ಹತ್ತಿರವೂ ಬಹುವಚನದಲ್ಲಿ ಮಾತನಾಡುವ ಹುಡುಗ. ಅಕ್ಕನಿಗೂ ಇಷ್ಟ. ಎಲ್ಲ ಸರಿಯಾಗಿತ್ತು, ಅವರ ಮನೆಯಿಂದ ಹೊಸ ಹೆಸರು ಭಾಗೀರಥಿ ಎಂದು ಹೇಳಿ ಕಳಿಸುವ ತನಕ. ಭಾಗೀರಥಿ ಎಂಬುದು ಶ್ರೀಪಾದನ ತೀರಿಹೋದ ಅಜ್ಜಿಯ ಹೆಸರು.

ವೈಜಕ್ಕ ಕೂಗಾಡಲಿಲ್ಲ. ಬಾಬಿನ್ ಒರೆಸುತ್ತಾ, ಹೆಸರು ಬಿಡೂದಿಲ್ಲ ಅಂತ ಹೇಳ್ರಿ ಎಂದಳು. ಅಪ್ಪ ನಕ್ಕ, ಆಮೇಲೆ ನಗುವುದನ್ನು ನಿಲ್ಲಿಸಿದ. ಊರ ಪದ್ಧತಿ ಎಂದ. ಸಾವಿರಾರು ಹೆಣ್ಣುಮಕ್ಕಳು ಬಿಟ್ಟಿದ್ದಾರೆ, ಯಾರಿಗೆ ಏನಾಗಿದೆ ಎಂದ. ಬಿಟ್ಟರೆ ನಷ್ಟ ಏನು, ಇನ್ನೊಂದು ಸಿಗುತ್ತದಲ್ಲ ಎಂದ. ನಿಂದು ನೀ ಬಿಡು, ಇನ್ನೊಂದು ನಾ ಕೊಡತೀನಿ ಎಂದು ಅಕ್ಕ ಅಂದಾಗ, ಗಂಡಸರಿಗೆ ಹಾಗೆಲ್ಲ ಬಿಡಲು ಬರುವುದಿಲ್ಲ, ದಾಖಲೆಗಳೆಲ್ಲ ಏರುಪೇರಾಗುತ್ತವೆ ಎಂದ.

"ಅಪ್ಪಾ, ನನ್ನ ಹೆಸರು ಕರದ್ರ ನಾ ಬರಬೇಕು," ಎಂದಳು ವೈಜಕ್ಕ. "ಮಂಚ ಬರಬಾರದು, ಕೊಡ ಬರಬಾರದು. ಅಜ್ಜಿ ಕರದಾಗ ಯಾರು ಬಂದ್ರು ನೆನಪದ ಅಲ್ಲ?"

ಅವ್ವ ಎದ್ದು ಒಲೆಯ ಕಡೆ ಹೋದಳು.

ಹನ್ನೆರಡು ವರ್ಷದ ಹಿಂದಿನ ಮಾತು. ಮಾಮನ ಮನೆಯಲ್ಲಿ ಅಜ್ಜಿ ಜ್ವರ ಬಂದು ಮಲಗಿದ್ದಳು. ಅಳಿಯನ ಮನೆಯವರು ಮಗಳಿಗಿಟ್ಟ ಅನ್ನಪೂರ್ಣಾ ಎಂಬ ಹೆಸರು ಜ್ವರದಲ್ಲಿ ಅವಳಿಗೆ ಮರೆತೇಹೋಗಿತ್ತು. ಮಧ್ಯಾಹ್ನದಿಂದ ತಾರಾ, ತಾರಾ ಎಂದು ಕರೆಯುತ್ತಿದ್ದಳು. ಒಂದೊಂದು ಸಲ ಕರೆದಾಗಲೂ ಸೈಕಲ್ಲು ಅಂಗಳದಿಂದ ಬಂದು ಹಾಸಿಗೆಯ ಪಕ್ಕ ನಿಲ್ಲುತ್ತಿತ್ತು. ಅವ್ವ ಹಿತ್ತಲ ಕಡೆ ಕಷಾಯ ಕುದಿಸುತ್ತಿದ್ದಳು. ಬಿಟ್ಟ ಹೆಸರು ಕಿವಿಗೆ ಬಿದ್ದರೂ ತನ್ನದೆಂದು ತಾಗುವುದಿಲ್ಲ, ಬೆನ್ನಿನ ನಡುವೆ ಸಣ್ಣಗೆ ತುರಿಸಿದ ಹಾಗೆ ಆಗುತ್ತದೆಯಂತೆ, ಅಷ್ಟೇ. ಅವಳು ಬೆನ್ನು ತುರಿಸಿಕೊಂಡು ಕಷಾಯ ಸೋಸಿ ತಂದಾಗ ಅಜ್ಜಿ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ತಣ್ಣಗಾಗಿದ್ದಳು. ಆಗ ಬಾಗಿಲಲ್ಲಿ ನಿಂತಿದ್ದ ಹದಿನಾಲ್ಕು ವರ್ಷದ ಹುಡುಗಿ ವೈಜಕ್ಕ.

ನಾನು ಮತ್ತು ಅಕ್ಕ ಮುನಸಿಪಾಲಿಟಿಗೂ ಹೋಗಿ ಬಂದೆವು. ಅಲ್ಲಿ ಹೆಸರು ವಿಭಾಗ ಎಂಬುದೊಂದಿದೆ, ಅದರಲ್ಲಿ ವಾಮನರಾಯರು ಎಂಬ ಗುಮಾಸ್ತರೊಬ್ಬರೇ ಇದ್ದಾರೆ. ಪ್ರತಿ ಮದುವೆಗೂ ಹೋಗಿ, ಯಾರ ಹೆಸರು ಯಾವುದರ ಮೇಲೆ ಬಿತ್ತೆಂದು ಬರೆದುಕೊಂಡು, ಊಟ ಮಾಡಿ ಬರುವುದು ಅವರ ಕೆಲಸ. ನಿಯಮ ಏನು ಹೇಳುತ್ತದೆ ಎಂದು ಕೇಳಿದೆವು. ವರನ ತಾಯಿ ಒಪ್ಪಿದ ಹೆಸರಿಡಬೇಕು ಎಂದಷ್ಟೇ ಇದೆ ಎಂದರು. ಅವರು ಇದ್ದ ಹೆಸರನ್ನೇ ಒಪ್ಪಿದರೆ? ವಾಮನರಾಯರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಮೂವತ್ತು ವರ್ಷದಾಗ ಯಾರೂ ಕೇಳಿಲ್ಲವ್ವಾ. ಅವರು ಹೂಂ ಅಂದ್ರ ನಂದೇನೂ ಅಡ್ಡಿ ಇಲ್ಲ. ಆದರ ಊಟ ಇರ್ತದ ಅಲ್ಲ?"

ಊಟ ಇರುತ್ತದೆ ಎಂದೆವು. ಹಾಗಾಗಿ ಎಲ್ಲ ಬಂದು ನಿಂತದ್ದು ಶ್ರೀಪಾದನ ತಾಯಿ ಸುಮಂಗಲಾಬಾಯಿಯವರ ಬಾಯಿಯ ಮೇಲೆ. ಅವರ ಬಾಯಿ ಏನು ಹೇಳಿತೆಂಬುದನ್ನು ಸೋಮವಾರ ಶ್ರೀಪಾದ ಬಂದು, ಚಪ್ಪಲಿಯನ್ನೂ ಬಿಡದೆ, ತಲೆ ತಗ್ಗಿಸಿ ಹೇಳಿದ. ಬುಧವಾರ ಅವರು ಬರುತ್ತಾರೆ. ಅಷ್ಟರಲ್ಲಿ ಹುಡುಗಿ ಭಾಗೀರಥಿ ಆಗಲು ಒಪ್ಪಿದರೆ ಲಗ್ನಪತ್ರಿಕೆ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತಾರೆ. ತನಗೆ ಯಾವ ಹೆಸರಾದರೂ ಸರಿ, ಬೇಕಾದರೆ ತನ್ನದನ್ನೇ ಬಿಡುತ್ತೇನೆ ಎಂದೂ ಹೇಳಿದನಂತೆ. ಅದಕ್ಕೆ ಅವನ ತಾಯಿ ಎರಡು ದಿನ ಅವನಿಗೆ ಬರೀ ಗಂಜಿ ಹಾಕಿದ್ದಾರೆ. ವೈಜಕ್ಕ ಅವನ ಕೈಗೆ ಎರಡು ಚಪಾತಿ ಸುತ್ತಿ ಕೊಟ್ಟಳು. ಅವನು ಹೋದ ಮೇಲೆ ಕಾರಣವಿಲ್ಲದೆ ಒಂದು ಸರಿಯಿದ್ದ ಮಷೀನನ್ನು ಬಿಚ್ಚಿ ಮತ್ತೆ ಜೋಡಿಸಿದಳು. ಅವಳ ಕಣ್ಣು ಕೆಂಪಾಗಿದ್ದವು. ಎಣ್ಣೆ ಸಿಡಿಯಿತು ಎಂದಳು. ಹುಡುಗನೂ ಬೇಕು, ಹೆಸರೂ ಬೇಕು. ಎರಡೂ ಬೇಕೆನ್ನುವುದು ನಮ್ಮ ಊರಿನಲ್ಲಿ ಗಂಡಸರಿಗೆ ಮಾತ್ರ ಸಾಗುತ್ತದೆ.

ಮಂಗಳವಾರ ಸಂಜೆ ನಾನು ಸುಮ್ಮನೆ ಒಂದು ಮಾತು ಅಂದೆ. ಅಕ್ಕಿಯ ತಟ್ಟೆಯಲ್ಲಿ ಬರೆದರೆ ಹೊಸ ಹೆಸರು ಬರುತ್ತದೆ ಎಂದಾದರೆ, ಹಳೆಯದನ್ನೇ ಬರೆದರೆ ಹಳೆಯದು ಬರಬೇಕಲ್ಲ, ಯಾರಾದರೂ ಬರೆದು ನೋಡಿದ್ದಾರಾ? ಅಪ್ಪ, ಈ ಹುಡುಗಿಯ ಕೈಯಿಂದ ಮೊದಲು ಫೋನ್ ಕಸಿದುಕೊಳ್ಳಬೇಕು ಎಂದ. ವೈಜಕ್ಕ ನಕ್ಕಳು. ಅವ್ವ ನಗಲಿಲ್ಲ. ಎದ್ದು ಡಬ್ಬಿಯಿಂದ ಅಕ್ಕಿ ತೆಗೆದು ಹಿತ್ತಾಳೆ ತಟ್ಟೆಯಲ್ಲಿ ಹರಡಿದಳು. ಕಲ್ಲು ಆರಿಸುವವಳ ಹಾಗೆ ಅಂಗೈಯಿಂದ ಸಮ ಮಾಡಿದಳು. ಅಕ್ಕನ ಮದುವೆಗೆಂದು ಮಾಡಿಸಿಟ್ಟಿದ್ದ ಮಣೆಯನ್ನು ಒಳಗಿನಿಂದ ತಂದು ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. ಹೆಸರು ಬಿಡುವಾಗ ಹಿಂದೆ ಮಣೆ ಇರಬೇಕೆಂಬುದು ರಕ್ತದಲ್ಲೇ ಬಂದಿದೆ. ಆಮೇಲೆ ಬೆರಳಿನ ಉಂಗುರ ತೆಗೆದು, ಗಂಡಿನ ಕಡೆಯವರಿಲ್ಲ, ವಾದ್ಯವಿಲ್ಲ, ತಾನೇ ಬರೆದಳು: ತಾರಾ.

ನಾನೂ ಅಕ್ಕನೂ ಮೂರು ಸಲ ಓದಿದೆವು.

ಆಗಿದ್ದು ಇಷ್ಟು. ನಾವು ಓದುವುದರಲ್ಲಿ ಮುಳುಗಿದ್ದಾಗ ಅಪ್ಪ ಅವಲಕ್ಕಿಯ ತಟ್ಟೆ ಹಿಡಿದುಕೊಂಡು ಬಂದು, ಹೊಸ ಮಣೆ ನೋಡಿ, ತನಗೇ ಹಾಕಿದ್ದೆಂದು ಕೂತುಬಿಟ್ಟ. ಮಣೆ ಕಂಡಲ್ಲಿ ಕೂರುವುದು ಅವನ ರಕ್ತದಲ್ಲಿ ಬಂದಿದೆ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ ಒಂದು ಸಪ್ಪಳವಾಯಿತು. ಅಪ್ಪ ಹೆಗಲು ಮುಟ್ಟಿ ನೋಡಿಕೊಂಡ.

"ಹೋತೇನು, ಬಂತೇನು?" ಎಂದು ಅಕ್ಕ ಕೇಳುತ್ತಿರುವಾಗಲೇ ಬೀದಿಯಲ್ಲಿ ಯಾರೋ ಏದುಸಿರು ಬಿಡುತ್ತಾ ಬಂದರು. ರಂಗಮಾಮ. ಹೆಗಲ ಮೇಲೆ ಸೈಕಲ್ಲು. ಇಪ್ಪತ್ತೇಳು ವರ್ಷಗಳಿಂದ ಅವನು ಪೆಡಲ್ ತುಳಿದವನೇ ಅಲ್ಲ, ಹೆಸರು ಹಿಡಿದು ಎಲ್ಲಿಗೆ ಹೋಗಬೇಕೆಂದು ಹೇಳಿ ಮೇಲೆ ಕೂತರೆ ಅದೇ ಒಯ್ಯುತ್ತಿತ್ತು. ಇವತ್ತು ಸೇತುವೆಯ ಮೇಲೆ ಹೋಗುತ್ತಾ ಹೋಗುತ್ತಾ ನಿಂತುಬಿಟ್ಟಿತಂತೆ. ಮಾಮ ಅದನ್ನು ಅಂಗಳದಲ್ಲಿ ಇಳಿಸಿ, ಸಿಟ್ಟಿನಿಂದ ಸೀಟಿಗೊಂದು ಹೊಡೆದು, "ಏ ತಾರಾ, ಏನಾಗ್ಯದ ನಿನಗ?" ಎಂದ.

"ಏನಾಗಿಲ್ಲೋ ಅಣ್ಣಾ," ಎಂದಳು ಅವ್ವ ಒಳಗಿನಿಂದ.

ಮಾಮ ಸೈಕಲ್ಲನ್ನು ನೋಡಿದ. ಸೈಕಲ್ಲು ಸುಮ್ಮನಿತ್ತು. ಅವ್ವ ಎದ್ದು ಬಾಗಿಲಿಗೆ ಬಂದಳು, ಅಕ್ಕಿ ಕಾಳು ಬೆರಳಿಗೆ ಅಂಟಿಕೊಂಡಿದ್ದವು. "ಇನ್ನೊಮ್ಮೆ ಕರಿ," ಎಂದಳು. ಮಾಮ ಕರೆದ. ಆಮೇಲೆ ಇಬ್ಬರೂ ಸೈಕಲ್ಲಿನ ಎರಡೂ ಕಡೆಯಿಂದ ಹ್ಯಾಂಡಲ್ ಹಿಡಿದುಕೊಂಡು ನಿಂತರು.

ಅನ್ನಪೂರ್ಣಾ ಎಲ್ಲಿ ಹೋಯಿತೆಂಬುದು ನಮಗೆ ಬುಧವಾರ ಬೆಳಿಗ್ಗೆ ಗೊತ್ತಾಯಿತು. ಪಕ್ಕದ ಮನೆಯ ಗಂಗವ್ವ ಗೋಡೆಯಾಚೆಯಿಂದ, ಅನ್ನಪೂರ್ಣಾಬಾಯಿ ಒಂದಿಷ್ಟು ಹೆಪ್ಪಿಗೆ ಮೊಸರು ಕೊಡ್ರಿ ಎಂದು ಎಂದಿನಂತೆ ಕೂಗಿದಳು. ಕನ್ನಡಿಯ ಮುಂದೆ ಅರ್ಧ ಗಡ್ಡ ಕೆರೆದುಕೊಂಡಿದ್ದ ಅಪ್ಪ ಬ್ಲೇಡು ಕೆಳಗಿಟ್ಟು, ಮೊಸರಿನ ಗಡಿಗೆ ಎತ್ತಿಕೊಂಡು ಹೊರಟ. ನಾ ಯಾಕ ಹೊಂಟೇನಿ ಎಂದು ಕೇಳುತ್ತಲೇ ಹೋದ. ಕಾಲು ಕೇಳಬೇಕಲ್ಲ. ಬಂದು ಉಳಿದರ್ಧ ಗಡ್ಡಕ್ಕೆ ಕೂತ ಕೂಡಲೇ ಹಾಲಿನವನು ಕರೆದ, ಅದು ಮುಗಿಯುವಷ್ಟರಲ್ಲಿ ತರಕಾರಿಯವಳು. ದಿನಕ್ಕೆ ಎಷ್ಟು ಸಲ ಕರೀತಾರ ಈ ಹೆಸರು ಎಂದು ಅಪ್ಪ ಹತ್ತು ಗಂಟೆಗೆ ಜಗಲಿಯ ಮೇಲೆ ಕೂತು ಕೇಳಿದ. ಇನ್ನೂ ಊಟದ ಹೊತ್ತಾಗಿಲ್ಲ ಎಂದಳು ಅವ್ವ. ನಿನ್ನ ಹೆಸರು ನಿನ್ನ ಹತ್ತಿರಾನೇ ಇದೆಯಲ್ಲ, ಇದೊಂದು ಹೆಚ್ಚಿಗೆ ಬಂತೆಂದು ತಿಳಿ, ನಷ್ಟ ಏನು ಎಂದೂ ಕೇಳಿದಳು.

ಸುಮಂಗಲಾಬಾಯಿ ಹನ್ನೊಂದಕ್ಕೆ ಬಂದರು. ಹಿಂದೆ ಶ್ರೀಪಾದ, ಎರಡು ದಿನದಲ್ಲಿ ಎರಡು ವರ್ಷದಷ್ಟು ಸೊರಗಿದವನಂತೆ. ಅವರದು ಎತ್ತರದ ಆಳು, ಗಂಟಲೂ ದೊಡ್ಡದು. ಬಾಗಿಲಲ್ಲಿ ನಿಂತು, "ಅನ್ನಪೂರ್ಣಾಬಾಯಿ ಇದ್ದಾರೇನ್ರಿ ಮನಿಯಾಗ?" ಎಂದು ಕರೆದರು.

ಅಪ್ಪ ಪೇಪರ್ ಮಡಚಿ, ಕಾಲು ತೊಳೆಯಲು ನೀರಿನ ತಂಬಿಗೆ ಹಿಡಿದುಕೊಂಡು ಬಂದು ಅವರ ಮುಂದೆ ನಿಂತ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿದರು. ಅಪ್ಪನ ಮುಖದಲ್ಲಿ ಅರ್ಧ ಗಡ್ಡ ಹಾಗೇ ಇತ್ತು.

ಬೀಗತಿಯನ್ನು ಒಳಗೆ ಕೂರಿಸಿ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಹೇಳಬೇಡವೆಂದು ಅಕ್ಕ ಕಣ್ಣಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಅವರು ಬೈಯಲು ಬಂದವರು, ಪೂರ್ತಿ ತಯಾರಾಗಿ ಬಂದಿದ್ದರು ಎಂದು ಮುಖದಲ್ಲೇ ಕಾಣುತ್ತಿತ್ತು. ಆದರೆ ನಾನು ಮುಗಿಸಿದಾಗ ಬೈಯಲಿಲ್ಲ. ಸೈಕಲ್ಲು ಎಲ್ಲಿದೆ ಎಂದು ಕೇಳಿದರು. ಎದ್ದು ಹೋಗಿ, ಅಂಗಳದಲ್ಲಿ ಅದರ ಮುಂದೆ ನಿಂತು, ಮೆಲ್ಲಗೆ ತಾರಾ ಎಂದರು. ಸೈಕಲ್ಲು ಕದಲಲಿಲ್ಲ. ಅಡಿಗೆಮನೆಯಿಂದ ಅವ್ವ, ಬಂದೆ ಎಂದಳು.

ಸುಮಂಗಲಾಬಾಯಿ ಅಲ್ಲಿಯೇ ಮೆಟ್ಟಿಲ ಮೇಲೆ ಕೂತರು. ಆಮೇಲೆ ಕೇಳಿದರು:

"ಅಕ್ಕಿ ಯಾವುದು? ಅನ್ನದ್ದೋ, ದ್ವಾಸಿದ್ದೋ?"

ಅನ್ನದ್ದು ಎಂದಳು ಅವ್ವ.

ಊರಿನವರಿಗೆಲ್ಲ ಗೊತ್ತಿರುವ, ಆದರೆ ಯಾರೂ ಆಡದ ಮಾತೊಂದಿದೆ. ಹಳೆ ಛತ್ರಕ್ಕೆ ತಾಗಿಕೊಂಡು ಹಿಟ್ಟಿನ ಗಿರಣಿ ಇದೆ. ಮೂವತ್ತನಾಲ್ಕು ವರ್ಷದ ಹಿಂದೆ ಆ ಛತ್ರದಲ್ಲಿ ನಡೆದ ಒಂದು ಮದುವೆಯಲ್ಲಿ ಹೆಸರು ಮಣೆಯನ್ನು ಬಿಟ್ಟು, ಕಿಟಕಿ ದಾಟಿ ಗಿರಣಿಯ ಮೇಲೆ ಬಿತ್ತು. ಗಿರಣಿಯ ಬಸಣ್ಣನಿಗೆ ಅದರಿಂದ ಬಹಳ ಅನುಕೂಲವಾಯಿತು. ಸ್ವಿಚ್ಚು ತುಕ್ಕು ಹಿಡಿದು ಹೋದರೂ ಹೊಸದು ಹಾಕಿಸಲಿಲ್ಲ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದು, "ಏ ವತ್ಸಲಾ, ನಡಿ" ಎನ್ನುತ್ತಾನೆ, ಗಿರಣಿ ಶುರುವಾಗುತ್ತದೆ.

"ನಮ್ಮ ಮನಿ ಅಲ್ಲಿಂದ ಮೂರನೇ ಓಣಿ," ಎಂದರು ಸುಮಂಗಲಾಬಾಯಿ. "ದಿನಾ ಏಳಕ್ಕ ಅವಾ ಕರೀತಾನ. ನಾ ಒಲಿ ಮುಂದ ನಿಂತಿರ್ತೀನಿ. ನನಗ ಬೆನ್ನ ತುರಸ್ತದ, ಅಲ್ಲಿ ಗಿರಣಿ ತಿರಗ್ತದ." ಸೆರಗಿನಿಂದ ಮುಖ ಒರೆಸಿಕೊಂಡರು. "ನಾ ಸೊಸಿ ಆಗಿ ಬಂದ ದಿನಾನ ನಮ್ಮತ್ತಿ ಹೇಳಿದ್ರು, ಎಲ್ಲಾರೂ ಬಿಟ್ಟಾರ, ನೀನೂ ಬಿಟ್ಟಿ, ನಾಳೆ ನಿನ್ನ ಸೊಸಿನೂ ಬಿಡ್ತಾಳ ಅಂತ. ಹೌದಲ್ಲ, ನಾ ಒಬ್ಬಾಕಿನ ಯಾಕ ಬಿಡಬೇಕು ಅಂತ ನಾನೂ ಹಾದಿ ಕಾಯ್ಕೋತ ಕೂತಿದ್ದೆ."

ಶ್ರೀಪಾದ ತಾಯಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತಿದ್ದ. ಮೂರು ಓಣಿಯಾಚೆಗೆ ಗೋಧಿ ಬೀಸಿಸಲು ಹೋಗಿ ಎಷ್ಟೋ ಸಲ ತಾನೇ ಆ ಹೆಸರು ಕರೆದಿದ್ದೇನೆ ಎಂದು ಆಮೇಲೆ ಅವನು ಅಕ್ಕನಿಗೆ ಹೇಳಿದನಂತೆ.

ಅವ್ವ ಎದ್ದು ಹೋಗಿ ಅಕ್ಕಿ ತಂದಳು. ಅವರು ಬೇಡ ಎಂದರು. ಇಲ್ಲಿ ಬೇಡ. ಇಲ್ಲಿ ಬರೆದರೆ ಅಲ್ಲಿ ಗಿರಣಿ ಒಮ್ಮೆಲೇ ನಿಂತು ಅರ್ಧ ಬೀಸಿದ ಜೋಳ ಕಲ್ಲಿನಲ್ಲಿ ಸಿಕ್ಕಿ ಯಾರದೋ ಊಟ ಕೆಡುತ್ತದೆ. ಅದೂ ಅಲ್ಲದೆ, ತನ್ನ ಹೆಸರು ಅಲ್ಲಿಂದ ಹೊರಡುವಾಗ ತಾನು ಎದುರಿಗೆ ಇರಬೇಕು. ಹೀಗೆ ಹೇಳಿ, ಒಂದು ನಿಮಿಷ ಯೋಚಿಸಿ, ಮತ್ತೆ ಬೀಗತಿಯ ಗಂಟಲು ತಂದುಕೊಂಡು ವೈಜಕ್ಕನ ಕಡೆ ತಿರುಗಿದರು.

"ಗಿರಣಿ ಬಂದ್ ಆದ್ರ ಊರು ಉಪವಾಸ ಬೀಳ್ತದ. ಹೊಸಾ ಸ್ವಿಚ್ ಹಾಕ್ಲಿಕ್ಕೆ ಬರ್ತದೇನು ನಿನಗ?"

"ಬರ್ತದ್ರಿ."

"ಕೆಲಸ ಮುಗದ ಮ್ಯಾಲ ಚೀಟಿ ಅಂಟಸ್ತಿಯಂತ. ಅದರ ಮ್ಯಾಲ ಏನ ಹೆಸರು ಬರೀತಿ?"

ಶ್ರೀಪಾದ ಕಣ್ಣು ಮುಚ್ಚಿಕೊಂಡ. ವೈಜಕ್ಕ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒರೆಸಿ ಕೆಳಗಿಟ್ಟಳು.

"ವೈಜಯಂತಿ."

ಸುಮಂಗಲಾಬಾಯಿ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದರು, ಹೆಣ್ಣು ನೋಡಲು ಬಂದ ದಿನ ಕೂಡ ಅಷ್ಟು ನೋಡಿರಲಿಲ್ಲ.

"ಬರಿ," ಎಂದರು. "ಲಗ್ನಪತ್ರಿಕಿ ಒಳಗೂ ಅದನ್ನ ಬರಿಸೂಣು. ವಾಮನರಾಯರಿಗೆ ಊಟ ಹಾಕಿದ್ರ ಆತು."

ಆಮೇಲೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಲು ಶುರು ಮಾಡಿದರು. ತಟ್ಟೆ ಯಾರು ತರುವುದು, ಬಿಟ್ಟ ಸುಮಂಗಲಾ ಬೀಳಲು ಹಿಂದೆ ಏನಿಡುವುದು. ಮಣೆಯ ಮೇಲೆ ಮತ್ತೆ ಯಾರೂ ಕೂರದ ಹಾಗೆ ಕಾಯಲು ನನ್ನನ್ನು ನೇಮಿಸಿದರು. ಅಪ್ಪನಿಗೆ ಗಿರಣಿಯ ಆಚೆ ಬದಿಯಲ್ಲಿ, ಕನಿಷ್ಠ ಹತ್ತು ಮಾರು ದೂರದಲ್ಲಿ ನಿಲ್ಲಲು ಹೇಳಲಾಯಿತು. ರಂಗಮಾಮ ಸೈಕಲ್ ತುಳಿಯುವುದನ್ನು ಮರೆತಿರುವುದರಿಂದ ನಡೆದೇ ಬರುತ್ತಾನೆ. ಸಂಜೆಯ ಹೊತ್ತಿಗೆ ಗಂಗವ್ವ ಗೋಡೆಯಾಚೆಯಿಂದ, ನಂದೊಂದು ಬೀಸುಕಲ್ಲಿನ ಮ್ಯಾಲ ಅದ, ನಾನೂ ಒಂದು ತಟ್ಟಿ ತರಲೇನು ಎಂದು ಕೇಳಿದಳು. ತಾ ಎಂದೆವು. ಅವಳಿಂದ ಮುಂದಿನ ಓಣಿಗೆ ಹೋಯಿತು. ಅಂಗಡಿಯಲ್ಲಿ ಅಕ್ಕಿ ಮುಗಿದಿದೆಯಂತೆ.

ಅಕ್ಕ ಹಲಗೆಯ ಪೆಟ್ಟಿಗೆಯಲ್ಲಿ ಸ್ವಿಚ್ಚು, ವೈರು, ಪಕ್ಕಡ, ಚೀಟಿಯ ಕಟ್ಟು ತುಂಬಿಟ್ಟು ಮಲಗಿದ್ದಾಳೆ. ಸುಮಂಗಲಾಬಾಯಿ ಹೊರಡುವಾಗ ಮೆಟ್ಟಿಲಿಳಿದವರು ತಿರುಗಿ ಬಂದು ನನಗೆ ಮತ್ತೊಮ್ಮೆ ಹೇಳಿ ಹೋಗಿದ್ದಾರೆ.

"ನಾಳೆ ಏಳಕ್ಕ ಐದು ನಿಮಿಷ ಮೊದಲ, ಗಿರಣಿ ಮುಂದ. ಅಕ್ಕಿ ಮ್ಯಾಲ ಮೊದಲ ಬರದು ಮುಗಸೂಣು, ಆಮ್ಯಾಲ ಅವಾ ಬಾಗಲಾ ತಗೀಲಿ. ತಡಾ ಮಾಡಬ್ಯಾಡ್ರಿ, ಬಸಣ್ಣ ಒಂದ ಸಲ ಅಷ್ಟ ಕರೀತಾನ. ನಾನ ಓ ಅನ್ನಬೇಕು."